ಎಣ್ಣೆಬಣ್ಣದಾಗ ಗೋಳಗುಮ್ಮಟದ ಸಂಜಿ: ಬಣ್ಣ ಯಾಕ ರಾಡಿ ಆಗ್ತದ?

ಪ್ರಶ್ನೆ (ವಿಜಯಪುರ)
24x30 ಇಂಚಿನ ಕ್ಯಾನ್ವಾಸ್ ಮ್ಯಾಲ ಗೋಳಗುಮ್ಮಟ, ಮುಂದಿನ ರಸ್ತೆ, ಅಂಗಡಿ ದೀಪ, ಟಾಂಗಾ. ಎಕ್ಸ್‌ಪ್ರೆಷನಿಸ್ಟ್ ಶೈಲಿ (ಕಂಡಂಗ ಅಲ್ಲ, ಮನಸ್ಸಿನ ಭಾವ ಕಾಣೋಹಂಗ ಬಣ್ಣ, ಆಕಾರ ಬದಲಿಸೋದು). ಆಕಾಶಕ್ಕ ಕ್ಯಾಡ್ಮಿಯಮ್ ಕಿತ್ತಳಿ, ಗುಮ್ಮಟಕ್ಕ ಅಲ್ಟ್ರಾಮರೀನ್ ನೀಲಿ ಹಚ್ಚೀನಿ. ಎರಡೂ ಕೂಡೋ ಅಂಚಿನಾಗ ಬಣ್ಣ ರಾಡಿ ಆಗ್ಯಾದ. ಕರಿ ಗೆರಿ ಎಳದ್ರ ಅದೂ ಕಲಸ್ತದ. ಒಣಗಿದ ಕಡಿ ಹೊಳಪಿಲ್ಲ. ಲಿನ್ಸೀಡ್ (ಅಗಸಿ) ಎಣ್ಣಿ ಹೆಚ್ಚು ಹಾಕಲೇನ್ರಿ?

ಉತ್ತರ (ಬಾಗಲಕೋಟೆ)
ಎಣ್ಣಿ ಹಾಕಬ್ಯಾಡ್ರಿ, ರೋಗನ ಬ್ಯಾರೆ ಐತಿ. ಕಿತ್ತಳಿ, ನೀಲಿ ಎದುರುಬದುರು ಬಣ್ಣ. ಬಾಜೂಕ ಇಟ್ರ ಎರಡೂ ಉರೀತಾವು, ಕಲಸಿದ್ರ ಒಂದನ್ನೊಂದು ನುಂಗಿ ಬೂದಿ ಆಕ್ಕಾವು. ಹಸಿ ಅಂಚಿನ ಮ್ಯಾಲ ಬ್ರಷ್ ಎರಡನೇ ಸಲ ಆಡ್ಸಿದಾಗ ಆಗೋದು ಇದ. ನಡುವ ಜ್ವಾಳದ ಕಾಳಿನಷ್ಟು ಜಾಗ ಬಿಡ್ರಿ, ಅಲ್ಲಿ ತಳದ ಬಣ್ಣ ಕಾಣ್ಲಿ. ಅದಕ್ಕ ತಳ ಬಿಳಿ ಇರಬಾರದು. ಗೆಸ್ಸೋ (ಕ್ಯಾನ್ವಾಸಿಗೆ ಮೊದಲ ಹಚ್ಚೋ ಬಿಳಿ ತಳಲೇಪ) ಮ್ಯಾಲ ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಪುಗಂದು ಬಣ್ಣಾನ ಟರ್ಪೆಂಟೈನ್‌ದಾಗ ಚಹಾದಷ್ಟು ತೆಳ್ಳಗ ಮಾಡಿ ಹಚ್ಚಿ, ಅರಿವಿಲೆ ಒರಸಿ, ಒಣಗಾಕ ಬಿಡ್ರಿ. ಸ್ಕೆಚ್‌ಗೆ ಇದ್ದಿಲು ಬ್ಯಾಡ, ಅದರ ಪುಡಿ ಹಳದಿನ್ನ ಹೊಲಸು ಮಾಡ್ತೈತಿ. ತೆಳು ಅಲ್ಟ್ರಾಮರೀನ್ ಸಾಕು.

ಬಿಸಿ ಬಣ್ಣಕ್ಕೊಂದು, ತಂಪು ಬಣ್ಣಕ್ಕೊಂದು ಬ್ರಷ್ ಇಡ್ರಿ. ಒಂದು ಮಿಶ್ರಣಕ್ಕ ಮೂರರ ಮ್ಯಾಲ ಟ್ಯೂಬ್ ಕೂಡಿಸಬ್ಯಾಡ್ರಿ. ಗೆರಿ ಕಡೀಕ, ಕೆಳಗಿನ ಪದರ ಕೈಗೆ ಹತ್ತಲಾರದಷ್ಟು ಒಣಗಿದ ಮ್ಯಾಲ. ಟ್ಯೂಬಿನ ಕರಿಗಿಂತ ಪ್ರಶಿಯನ್ ಬ್ಲೂ ಜೋಡಿ ಅಲಿಝರಿನ್ ಕ್ರಿಮ್ಸನ್ (ಗಾಢ ಕೆಂಪು) ಕೂಡಿಸಿದ ಕಪ್ಪು ಜೀವಂತ ಇರ್ತೈತಿ.

ಉತ್ತರ (ಬೆಳಗಾವಿ)
ಮ್ಯಾಲಿನ ಮಾತು ಖರೇ, ಆದ್ರ ಬಣ್ಣಕ್ಕಿಂತ ಮೊದಲ ನೆರಳು-ಬೆಳಕು ನೋಡ್ರಿ. ಮೊಬೈಲಿನಾಗ ಫೋಟೋ ತಗದು ಕಪ್ಪು-ಬಿಳುಪು ಮಾಡ್ರಿ. ಗುಮ್ಮಟ, ಆಕಾಶ ಒಂದ ಬೂದಿ ಆಗಿ ಕಂಡ್ರ ಯಾವ ಬಣ್ಣ ಹಚ್ಚಿದ್ರೂ ಉಪಯೋಗಿಲ್ಲ. ಅದು ಸರಿ ಇದ್ರ ಕರಿಕಲ್ಲಿನ ಗುಮ್ಮಟ ಹಸಿರಾದ್ರೂ ನಂಬಬಹುದು. ಜರ್ಮನಿಯ ಎಕ್ಸ್‌ಪ್ರೆಷನಿಸ್ಟ್ ಚಿತ್ರಕಾರ ಕಿರ್ಷ್ನರ್ 1913ರಿಂದ 1915ರ ತನಕ ಮಾಡಿದ ಬರ್ಲಿನ್ ಬೀದಿ ಚಿತ್ರ ತಗದು ನೋಡ್ರಿ: ಮುಖ ಹಸಿರು, ರಸ್ತೆ ಗುಲಾಬಿ, ಬ್ರಷಿನ ಹೊಡೆತ ಎಲ್ಲಾ ಓರೆ.

ಸೊಟ್ಟ ಮಾಡೋದಕ್ಕೂ ಲೆಕ್ಕ ಐತ್ರಿ. ನಾಕು ಮೂಲಿಯ ಏಳಂತಸ್ತಿನ ಮಿನಾರನ್ನ ಗುಮ್ಮಟದ ಕಡಿ ವಾಲಿಸ್ರಿ, ಗುಮ್ಮಟದ ಗುಂಡನ ಆಕಾರ ಮಾತ್ರ ಗಟ್ಟಿ ಇರ್ಲಿ. ಅದೂ ಕೆಟ್ರ ಬೇಕಂತ ಮಾಡಿದ್ದು ಅನಸಂಗಿಲ್ಲ, ಕೈ ತಪ್ಪಿದ್ದು ಅನಸ್ತೈತಿ.

ಹೊಳಪು ಹೋಗಿದ್ದು ಕೆಳಗಿನ ಪದರ ಎಣ್ಣಿ ಹೀರಿದ್ದಕ್ಕ. ಒಣಗಿದ ಜಾಗಕ್ಕ ಲಿನ್ಸೀಡ್, ಟರ್ಪೆಂಟೈನ್ ಸಮ ಮಾಡಿ ನಾಕು ಹನಿ ತಿಕ್ಕಿ, ಐದು ನಿಮಿಷಕ್ಕ ಉಳಿದದ್ದನ್ನ ಒರಸ್ರಿ. ಮುಂದಿನ ಸಲ ಮೊದಲ ಪದರಕ್ಕ ಬರೇ ಟರ್ಪೆಂಟೈನ್, ಎರಡನೇದ್ದಕ್ಕ ಎರಡು ಪಾಲು ಟರ್ಪೆಂಟೈನ್‌ಗೆ ಒಂದು ಪಾಲು ಎಣ್ಣಿ, ಮೂರನೇದ್ದಕ್ಕ ಸಮಸಮ. ಉಲ್ಟಾ ಆದ್ರ ಮ್ಯಾಲಿನದು ಬೇಗ ಬಿಗದು, ಕೆಳಗಿನದು ಇನ್ನೂ ಅಲುಗಾಡ್ತಾ ಇರ್ತೈತಿ, ಬಿರುಕು ಬಿಡ್ತೈತಿ. ಹಾರ್ಡ್‌ವೇರ್ ಅಂಗಡಿ ಥಿನ್ನರ್ ಮುಟ್ಟಬ್ಯಾಡ್ರಿ. ಎಣ್ಣಿ ಅರಿವಿನ್ನ ಮುದ್ದಿ ಮಾಡಿ ಒಗಿಬ್ಯಾಡ್ರಿ, ತಾನ ಬೆಂಕಿ ಹತ್ತತೈತಿ. ನೀರು ತುಂಬಿದ ಡಬ್ಬಿಗೆ ಹಾಕ್ರಿ.

ಪ್ರಶ್ನೆ ಕೇಳಿದವರು
ಅಂಗಡಿ ದೀಪ ಜಲ್ದಿ ಮುಗಸ್ಲಿಕ್ಕೆ ಅಕ್ರಿಲಿಕ್ ಹಳದಿ ನಡೀತದೇನ್ರಿ?

ಉತ್ತರ (ಬಾಗಲಕೋಟೆ)
ನಡಿಯಂಗಿಲ್ಲ. ಎಣ್ಣಿ ಮ್ಯಾಲ ಅಕ್ರಿಲಿಕ್ ಹಿಡಿಯಂಗಿಲ್ಲ, ಸಿಪ್ಪಿ ಹಂಗ ಏಳತೈತಿ. ಕ್ಯಾಡ್ಮಿಯಮ್ ಹಳದಿಗೆ ಚೂರು ಟೈಟಾನಿಯಮ್ ಬಿಳಿ ಕೂಡಿಸಿ ಪೇಂಟಿಂಗ್ ನೈಫಿನ (ಬಣ್ಣ ಹಚ್ಚೋ ಚಪ್ಪಟಿ ಚಾಕು) ತುದೀಲೆ ಒಂದ ಸಲ ಒತ್ತಿ ಕೈ ತಗೀರಿ. ದಪ್ಪ ಇದ್ದಲ್ಲಿ ಒಣಗಾಕ ವಾರಗಟ್ಟಲೆ ಬೇಕು. ಅಲ್ಲೀತನಕ ಕ್ಯಾನ್ವಾಸ್ ಮಾರಿ ಗ್ವಾಡಿ ಕಡಿ ಮಾಡಿ ಇಡ್ರಿ, ಧೂಳು ಕೂಡಂಗಿಲ್ಲ.