ಅಪ್‌ಡೇಟ್: ಡಚ್ ದಿಕ್ಕುಗಳು, ನೋರ್ಟ್ ಮತ್ತು ನೋರ್ಡನ್ ಗೊಂದಲ ಬಗೆಹರಿಯಿತು

ಡಚ್‌ನಲ್ಲಿ ಉತ್ತರಕ್ಕೆ ಒಮ್ಮೆ 'ನೋರ್ಟ್', ಒಮ್ಮೆ 'ನೋರ್ಡನ್' ಅಂತಾರಲ್ಲ, ಯಾಕೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಈಗ ಅರ್ಥವಾಯಿತು. ಆಮ್‌ಸ್ಟರ್‌ಡ್ಯಾಮ್-ನೋರ್ಟ್ ಅನ್ನೋ ಬಡಾವಣೆಯ ಹೆಸರಲ್ಲಿ ಚಿಕ್ಕ ರೂಪ. ಉತ್ತರ ಭಾಗ ಅನ್ನೋಕೆ 'ಹೆಟ್ ನೋರ್ಡನ್'. ಖ್ರೋನಿಂಗನ್ ಊರು ನೆದರ್‌ಲ್ಯಾಂಡ್ಸ್ ದೇಶದ ಒಳಗೇ ಉತ್ತರದಲ್ಲಿದೆ, ಹಾಗಾಗಿ 'ಇನ್ ಹೆಟ್ ನೋರ್ಡನ್ ಫಾನ್ ನೇಡರ್‌ಲಾಂಡ್'. ಝಾನ್‌ಡಾಮ್ ಆಮ್‌ಸ್ಟರ್‌ಡ್ಯಾಮ್‌ನ ಹೊರಗೆ, ಉತ್ತರಕ್ಕಿದೆ. ಅಲ್ಲಿ 'ಟೆನ್ ನೋರ್ಡನ್ ಫಾನ್'. ಕನ್ನಡದ 'ಉತ್ತರದಲ್ಲಿ', 'ಉತ್ತರಕ್ಕೆ' ಇದ್ದ ಹಾಗೆ ಅಲ್ವಾ!

ಆದರೂ ಮೊನ್ನೆ ಏಮಾರಿದೆ. ಹವಾಮಾನ ಆ್ಯಪ್‌ನಲ್ಲಿ ಗಾಳಿಯ ಪಕ್ಕ ಎನ್, ಓ ಅಂತ ಎರಡಕ್ಷರ, ಮುಂದೆ 5. ಇಂಗ್ಲಿಷ್‌ನ 'ನೋ' ಅಂದುಕೊಂಡು, ಗಾಳಿ ಇಲ್ಲ ಅಂತ ಖುಷಿಯಾಗಿ ಸೈಕಲ್ ಹತ್ತಿದೆ. ಅದು 'ನೋರ್ಟ್‌ಓಸ್ಟ್', ಈಶಾನ್ಯ! ಪೂರ್ವಕ್ಕೆ 'ಓಸ್ಟ್' ಆದ್ದರಿಂದ ಓ. ಆ 5 ಗಾಳಿಯ ಜೋರು. ದಾರಿಯುದ್ದಕ್ಕೂ ಎದುರುಗಾಳಿ, ತೊಡೆ ಇನ್ನೂ ನೋಯ್ತಿದೆ. ಗಾಳಿಗೆ ಅದು ಬರುವ ದಿಕ್ಕಿನ ಹೆಸರು ಅನ್ನೋದೂ ಆಗಲೇ ತಲೆಗೆ ಹತ್ತಿದ್ದು.

ದಕ್ಷಿಣದ ಉಚ್ಚಾರ ಮಾತ್ರ ಇನ್ನೂ ಬಂದಿಲ್ಲ. 'ಝೌಟ್' ಅನ್ನಲು ಹೋದರೆ 'ಝೈಟ್' ಆಗುತ್ತೆ. ಅಸಲಿ ಸದ್ದು ಎರಡರ ನಡುವೆ ಎಲ್ಲೋ ಇದೆ.