ಜೋನ್ಸ್: ವೇಲ್ಸಿನ ಹೆಸರೋ, ಇಂಗ್ಲೆಂಡಿನದೋ?

ಹಾದಿಹೋಕ: ಜೋನ್ಸ್ ಇಂಗ್ಲಿಷ್ ಮನೆಹೆಸರು ಅಂತ ಇಲ್ಲಿ ಕೆಲವರು ಹೇಳುತ್ತಿದ್ದಾರೆ. ವೇಲ್ಸಿನಲ್ಲಿ ಕಲ್ಲೆಸೆದರೆ ಜೋನ್ಸ್ ಮನೆ ಮೇಲೆ ಬೀಳುತ್ತೆ! 2006ರಲ್ಲಿ ವೇಲ್ಸಿನ ರಾಜಧಾನಿ ಕಾರ್ಡಿಫ್‌ನಲ್ಲಿ 1,224 ಜೋನ್ಸ್‌ಗಳು ಒಂದೇ ಕಡೆ ಸೇರಿ ಗಿನ್ನೆಸ್ ದಾಖಲೆ ಮಾಡಿದ್ದರು. ಇನ್ನೇನು ಸಾಕ್ಷಿ ಬೇಕು?

ಕಾಗದಹುಳು: ಜನ ಜಾಸ್ತಿ ಇದ್ದ ಮಾತ್ರಕ್ಕೆ ಹೆಸರು ಅಲ್ಲೇ ಹುಟ್ಟಿತು ಅಂತಲ್ಲ. ಹಳೆಯ ವೇಲ್ಷ್ ಅಕ್ಷರಮಾಲೆಯಲ್ಲಿ 'ಜೆ' ಅಕ್ಷರವೇ ಇರಲಿಲ್ಲ. ನಮಗೆ ಗೊತ್ತಿರುವ ಜಾನ್ ಅಲ್ಲಿ ಯೇಯನ್, ಈವನ್, ಆಮೇಲೆ ಶೋನ್. ಕೊನೆಯ 'ಸ್' ಅಂತೂ ಅಪ್ಪಟ ಇಂಗ್ಲಿಷ್, ಜಾನ್‌ನ ಮಗ ಅನ್ನೋದಕ್ಕೆ. ಇಂಗ್ಲೆಂಡಿನ ಉತ್ತರದವರು ಹೆಚ್ಚಾಗಿ ಜಾನ್ಸನ್ ಅಂದರು, ದಕ್ಷಿಣ ಮತ್ತು ಪಶ್ಚಿಮದವರು ಬರೀ 'ಸ್' ಹಚ್ಚಿದರು.

ಹಾದಿಹೋಕ: ಹಾಗಾದರೆ ಇಂಗ್ಲಿಷರೇ ಹೇರಿದ್ದು ಅನ್ನಿ. ವೇಲ್ಸನ್ನು ಇಂಗ್ಲೆಂಡಿಗೆ ಸೇರಿಸಿದ 1536ರ ಕಾಯಿದೆ ಮನೆಹೆಸರನ್ನು ಕಡ್ಡಾಯ ಮಾಡಿತು, ಅಲ್ವಾ?

ಕಾಗದಹುಳು: ಎಲ್ಲರೂ ಹೇಳುವ ಕಥೆ ಅದು. ಆ ಕಾಯಿದೆ ಕೋರ್ಟಿನ ಭಾಷೆಯನ್ನು ಇಂಗ್ಲಿಷ್ ಮಾಡಿತು, ಮನೆಹೆಸರು ಇಟ್ಟುಕೊಳ್ಳಿ ಅಂತ ಯಾರಿಗೂ ಹೇಳಲಿಲ್ಲ. ಹೆಸರು ಬದಲಾಗಿದ್ದು ಬರೆಯುವವರ ಕೈಯಲ್ಲಿ. 1538ರಿಂದ ಚರ್ಚುಗಳು ನಾಮಕರಣ, ಮದುವೆ, ಸಾವು ಬರೆದಿಡಬೇಕಾಯಿತು. 'ದಾವಿದ್ ಅಪ್ ಯೇಯನ್ ಅಪ್ ಗ್ರಿಫಿತ್' ಅಂತ ಒಬ್ಬ ಬಂದರೆ (ಅಪ್ ಅಂದರೆ ಮಗ) ಗುಮಾಸ್ತ 'ಡೇವಿಡ್ ಜೋನ್ಸ್' ಅಂತ ಗೀಚಿ ಮುಗಿಸುತ್ತಿದ್ದ. ಅಜ್ಜ ಗ್ರಿಫಿತ್ ಅಲ್ಲಿಗೇ ಮಾಯ!

ನೀಲಿಶಾಯಿ: ಪೂರ್ತಿ ಮಾಯ ಏನಲ್ಲ. ಆ 'ಅಪ್' ಎಷ್ಟೋ ಹೆಸರಿಗೆ ಅಂಟಿಕೊಂಡೇ ಉಳಿಯಿತು. ಅಪ್ ರೀಸ್ ಪ್ರೈಸ್ ಆಯಿತು, ಅಪ್ ಹವೆಲ್ ಪೊವೆಲ್ ಆಯಿತು. ಅಬ್ ಈವನ್‌ನಿಂದ (ಅಬ್ ಅಂದರೂ ಮಗನೇ) ಬೆವನ್ ಬಂತು. ಅಂದರೆ ಬೆವನ್, ಇವಾನ್ಸ್, ಜೋನ್ಸ್ ಮೂರೂ ಒಂದೇ ಹೆಸರಿನ ಮರಿಗಳು.

ಇನ್ನೊಂದು ಚೆಂದದ ಉದಾಹರಣೆ ಇದೆ. ವೃತ್ತದ ಸುತ್ತಳತೆ ಮತ್ತು ವ್ಯಾಸದ ಅನುಪಾತಕ್ಕೆ 1706ರಲ್ಲಿ 'ಪೈ' ಚಿಹ್ನೆ ಬಳಸಿದ ವಿಲಿಯಂ ಜೋನ್ಸ್ ವೇಲ್ಸಿನ ಆಂಗ್ಲೆಸಿ ದ್ವೀಪದವನು. ಅಪ್ಪ ಶೋನ್ ಶೋರ್. ಪ್ರತಿ ತಲೆಮಾರಿನಲ್ಲೂ ಅಪ್ಪನ ಹೆಸರೇ ಮಕ್ಕಳ ಕೊನೆಯ ಹೆಸರಾಗುವ ಹಳೆಯ ಪದ್ಧತಿಯಂತೆ ಅದು ಮಗನಿಗೆ ಜೋನ್ಸ್ ಆಗಿ ಬಂತು. ಆದರೆ ಅವನ ಮಗ ವಿಲಿಯಂ ವಿಲಿಯಮ್ಸ್ ಆಗಲಿಲ್ಲ, ಜೋನ್ಸ್ ಆಗಿಯೇ ಉಳಿದ. 1784ರಲ್ಲಿ ಕಲ್ಕತ್ತದಲ್ಲಿ ಏಷ್ಯಾಟಿಕ್ ಸೊಸೈಟಿ ಕಟ್ಟಿದ ಸರ್ ವಿಲಿಯಂ ಜೋನ್ಸ್ ಇವನೇ. ಅಪ್ಪನ ಹೆಸರು ಮನೆಹೆಸರಾಗಿ ಗಟ್ಟಿಯಾಗಿದ್ದು ಈ ಒಂದು ತಲೆಮಾರಿನಲ್ಲೇ ಕಾಣುತ್ತೆ.

ಗುಡ್ಡದಮೇಲೆ: ಅವರು ಲಂಡನ್ ಸೇರಿದ ಓದಿದವರು, ಸ್ವಾಮಿ. ಅವರನ್ನಿಟ್ಟು ಇಡೀ ವೇಲ್ಸ್ ಅಳೆಯಬೇಡಿ. ಗುಡ್ಡಗಾಡಿನ ರೈತರಲ್ಲಿ ಹಳೆಯ ಪದ್ಧತಿ 19ನೇ ಶತಮಾನದ ಆರಂಭದವರೆಗೂ ಅಲ್ಲಲ್ಲಿ ಉಳಿದಿತ್ತು. ಅಷ್ಟೊತ್ತಿಗೆ ಮಕ್ಕಳಿಗೆ ಇಡುತ್ತಿದ್ದದ್ದು ಜಾನ್, ವಿಲಿಯಂ, ಡೇವಿಡ್, ಥಾಮಸ್, ಹೀಗೆ ಬೆರಳೆಣಿಕೆಯ ಹೆಸರುಗಳು. ಪದ್ಧತಿ ನಿಂತಾಗ ಯಾರ ಅಪ್ಪ ಜಾನ್ ಆಗಿದ್ದನೋ ಅವರೆಲ್ಲ ಕಾಯಂ ಜೋನ್ಸ್!

ಹಾದಿಹೋಕ: ಅಂದರೆ ಇವರು ಯಾರೂ ನೆಂಟರಲ್ಲ?

ಗುಡ್ಡದಮೇಲೆ: ಹೆಸರು ನೋಡಿ ನೆಂಟಸ್ತನ ಹೇಳೋಕಾಗಲ್ಲ. ಊರವರೇ 'ಹಾಲಿನ ಜೋನ್ಸ್', 'ರೊಟ್ಟಿ ಜೋನ್ಸ್' ಅಂತ ಕಸುಬು ಸೇರಿಸಿ ಗುರುತು ಹಿಡಿಯುತ್ತಿದ್ದರು. ವಂಶ ಹುಡುಕುವವರು ಜೋನ್ಸ್ ಬೆನ್ನು ಹತ್ತಿದರೆ ಸುಮ್ನೆ ತಲೆನೋವು, ಆ ಮನೆತನ ಬೇಸಾಯ ಮಾಡಿಕೊಂಡಿದ್ದ ಜಮೀನಿನ ಹೆಸರು ಹಿಡಿದು ಹೋಗಬೇಕು.

ಕಾಗದಹುಳು: ಅದು ಸರಿ. ಆದರೂ ಹೆಸರಿನ ರೂಪ ಇಂಗ್ಲಿಷೇ, ಅದರಲ್ಲಿ ನಾನು ಬಗ್ಗಲ್ಲ.

ಹಾದಿಹೋಕ: ರೂಪ ನೀವೇ ಇಟ್ಟುಕೊಳ್ಳಿ, ಜನ ನಮ್ಮ ಕಡೆ ಇದ್ದಾರೆ.