ರತ್ನಾ, ಸುಮಿ ವಿಷಯಕ್ಕೆ

ರತ್ನಾ, ನಿನ್ನ ಮೆಸೇಜ್ ಬೆಳಿಗ್ಗೆನೇ ನೋಡಿದೆ. ಕಣದಲ್ಲಿ ಕಾಫಿ ಹರವಿಸುತ್ತಿದ್ದೆ, ಆಗ ಉತ್ತರ ಕೊಡಲು ಆಗಲಿಲ್ಲ. ಇಷ್ಟುದ್ದ ಟೈಪ್ ಮಾಡಲು ನನ್ನಿಂದ ಆಗುವುದಿಲ್ಲ, ಮಾತಾಡಿಯೇ ಕಳಿಸುತ್ತೇನೆ. ಗುಂಪಿನಲ್ಲಿ ಉಳಿದವರೂ ಕೇಳಿ.

ನಿನ್ನ ಮಗಳು ಸುಮಿ ನರ್ಸಿಂಗ್‌ನಲ್ಲಿ ಎನ್‌ಐಸಿಯು, ಅಂದರೆ ಆಗ ತಾನೇ ಹುಟ್ಟಿದ ಮಕ್ಕಳ ಐಸಿಯು, ಪೋಸ್ಟಿಂಗ್ ಮುಗಿಸಿದ ಮೇಲೆ ಬೇರೆ ವಾರ್ಡೇ ಬೇಡ ಅನ್ನುತ್ತಾಳೆ, ಒಂದು ಮಗು ಹೋಯಿತು ಅಂತ ರಾತ್ರಿ ಫೋನ್ ಮಾಡಿ ಅಳುತ್ತಾಳೆ, ಆದರೂ ಅದೇ ಕೆಲಸ ಬೇಕಂತೆ, ಬಿಡಿಸಲಾ ಅಕ್ಕಾ ಅಂತ ಕೇಳಿದ್ದೀಯ. ಬಿಡಿಸಬೇಡ. ಆ ಹುಡುಗಿ ಏಳನೇ ಕ್ಲಾಸಿನಲ್ಲಿ ಕೆಂಪಿಯ ಕರುವಿನ ಪಕ್ಕ ರಾತ್ರಿಯಿಡೀ ಕೊಟ್ಟಿಗೆಯಲ್ಲಿ ಕೂತವಳು, ನಿಮಗೆಲ್ಲ ನೆನಪಿದೆ ಅಲ್ವಾ. ನನಗೂ ಹೋದ ವಾರ ಫೋನ್ ಮಾಡಿದ್ದಳು. "ದೊಡ್ಡಮ್ಮಾ, ಒಂದು ಕೆಜಿ ನೂರು ಗ್ರಾಂ ಇರೋ ಮಗು, ನನ್ನ ಕಿರುಬೆರಳು ಹಿಡ್ಕೊಂಡು ಬಿಡ್ಲೇ ಇಲ್ಲ" ಅಂದಳು. ಆ ದನಿ ಕೇಳಿದ ಮೇಲೆ ನನಗೆ ಬೇರೆ ಸಾಕ್ಷಿ ಬೇಡ. ನಾನೂ ನರ್ಸ್ ಆಗಿದ್ದವಳು, ನನ್ನನ್ನೂ ಆ ಕೆಲಸ ಹಾಗೇ ಹಿಡಿದುಕೊಂಡಿತ್ತು.

ಅವಳು ಅಳುವುದು ನನಗೆ ಹೆದರಿಕೆ ಇಲ್ಲ. ಮಗು ಹೋದಾಗ ಅಳಬೇಕು. ನನ್ನ ಹೆದರಿಕೆ ಬೇರೆ. ಅಷ್ಟು ಚಿಕ್ಕ ಮಗುವಿಗೆ ಗಂಟೆಗೊಮ್ಮೆ ಹಾಲು ಬಿಟ್ಟು, ಬಟ್ಟೆ ಬದಲಿಸಿ, ಉಸಿರು ಎಣಿಸಿ, ಕೊನೆಗೆ ಅದು ನಮ್ಮದೇ ಅನ್ನಿಸಿಬಿಡುತ್ತದೆ. ಹೆತ್ತವಳು ಬಾಗಿಲ ಹೊರಗೆ ನಿಂತಿರುತ್ತಾಳೆ. ಸುಮಿಗೆ ಹೇಳು, ತಾಯಿಯನ್ನು ಹೊರಗೆ ನಿಲ್ಲಿಸಬೇಡ ಅಂತ.

ನಾನು ನಿಲ್ಲಿಸಿದ್ದೆ. ಇದನ್ನು ಮನೆಯಲ್ಲಿ ಇವರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

1994. ನಮ್ಮ ಕೊಡಗಿನ ಜೋರು ಮಳೆಗಾಲ, ಆಟಿ ಹದಿನೆಂಟು ಕಳೆದು ಎರಡು ದಿನ ಆಗಿತ್ತು. ನಾನಿದ್ದ ಆಸ್ಪತ್ರೆಯ ಹೆಸರು ಬೇಡ, ಚಿಕ್ಕದು. ಎಂಟು ತಿಂಗಳಿಗೇ ಹುಟ್ಟಿದ ಗಂಡು ಮಗು, 1 ಕೆಜಿ 400 ಗ್ರಾಂ. ತಾಯಿ ಎಸ್ಟೇಟಿನ ಕೂಲಿಯವರ ಲೈನ್‌ಮನೆಯವಳು, ಚೊಚ್ಚಲು ಹೆರಿಗೆ. ಮೈಸೂರಿಗೆ ಕಳಿಸೋಣ ಅಂದರೆ ರಸ್ತೆಗೆ ಮರ ಬಿದ್ದಿದೆ. ಕರೆಂಟ್ ಹೋಗಿ ಎರಡು ದಿನ, ಜನರೇಟರಿಗೆ ಡೀಸೆಲ್ ಇಲ್ಲ. ಮಗುವನ್ನು ಬೆಚ್ಚಗಿಡಲು ನಮ್ಮಲ್ಲಿ ಇದ್ದದ್ದು ಬಲ್ಬ್ ಹಾಕಿದ ಒಂದು ಮರದ ಪೆಟ್ಟಿಗೆ. ಕರೆಂಟಿಲ್ಲದೆ ಅದೂ ತಣ್ಣಗೆ ಕೂತಿತ್ತು. ಅಂಥ ಮಕ್ಕಳಿಗೆ ಚರ್ಮದ ಅಡಿಯಲ್ಲಿ ಕೊಬ್ಬು ಇರುವುದಿಲ್ಲ, ನಮ್ಮ ಹಾಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲೂ ಬರುವುದಿಲ್ಲ. ಮೈ ಶಾಖ 36.5 ಡಿಗ್ರಿಗಿಂತ ಇಳಿಯಬಾರದು. ಹೊಟ್ಟೆ ಮುಟ್ಟಿದೆ, ಬೆಚ್ಚಗಿತ್ತು. ಪಾದ ಮುಟ್ಟಿದೆ, ತಣ್ಣಗಿತ್ತು.

ಆಗ ಗ್ಲೂಕೋಸ್ ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು. ಖಾಲಿ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ, ಮಗುವಿನ ಎರಡೂ ಪಕ್ಕ ಇಟ್ಟೆ. ಎಲ್ಲ ಕಡೆ ಹಾಗೇ ಮಾಡುತ್ತಿದ್ದರು. ಆ ತಾಯಿ ಬಾಗಿಲ ಹತ್ತಿರ ಬಂದು ನಿಂತಳು. ಹಾಲು ಸೋರಿ ರವಿಕೆ ಎರಡೂ ಕಡೆ ಒದ್ದೆಯಾಗಿತ್ತು. ಒಮ್ಮೆ ಎತ್ತಿಕೊಳ್ಳಲಾ ಸಿಸ್ಟ್ರೇ ಅಂತ ಕೇಳಿದಳು. ಇನ್ಫೆಕ್ಷನ್ ಆಗುತ್ತೆ, ಹೊರಗಿರು ಅಂತ ಗದರಿದೆ. ನಿಜ ಹೇಳಬೇಕೆಂದರೆ, ಇಷ್ಟು ಹೊತ್ತು ನಾನು ಕಾಪಾಡಿದ ಮಗುವನ್ನು ಬೇರೆಯವರ ಕೈಗೆ ಕೊಡಲು ನನಗೆ ಮನಸ್ಸಿರಲಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಇನ್ನೊಂದು ಹೆರಿಗೆ ಬಂತು. ಅರ್ಧ ಗಂಟೆ ಆ ಕಡೆ ಹೋದೆ. ಬಂದು ನೋಡಿದರೆ ಟವೆಲ್ ಜಾರಿತ್ತು, ಬಾಟಲಿ ತೊಡೆಗೆ ತಾಗಿತ್ತು. ನಾಲ್ಕಾಣೆ ಅಗಲ ಬೊಬ್ಬೆ ಎದ್ದಿತ್ತು. ಮಗು ಅಳುತ್ತಲೂ ಇರಲಿಲ್ಲ, ಅಳುವಷ್ಟು ಶಕ್ತಿ ಅದಕ್ಕಿಲ್ಲ. ಅಳುತ್ತಿದ್ದವಳು ನಾನು.

ಆ ತಾಯಿ ಬೈಯಲಿಲ್ಲ. ಬೊಬ್ಬೆ ನೋಡಿದಳು, ನನ್ನ ಮುಖ ನೋಡಿದಳು. "ನಾನು ಇಲ್ಲೇ ಇದ್ನಲ್ಲ ಸಿಸ್ಟ್ರೇ, ನನ್ನ ಮೈ ಬಿಸಿ ಇತ್ತಲ್ಲ" ಅಂದಳು.

ಗಾಯಕ್ಕೆ ಮದ್ದು ಹಚ್ಚಿ, ಮಗುವನ್ನು ಅವಳ ರವಿಕೆಯೊಳಗೆ ಎದೆಗೆ ಒತ್ತಿ ಮಲಗಿಸಿದೆ. ಮೇಲೆ ಕಂಬಳಿ ಹೊದಿಸಿದೆ. ಅರ್ಧ ಗಂಟೆ ಕಳೆದು ಪಾದ ಮುಟ್ಟಿದೆ. ಬೆಚ್ಚಗಾಗಿತ್ತು. ರಾತ್ರಿಯಿಡೀ ನನ್ನ ಕೈಯಲ್ಲಿ ಆಗದೇ ಇದ್ದದ್ದು. ಮಗು ಉಳಿಯಿತು, ಕಲೆಯೂ ಉಳಿಯಿತು.

ಕಾಂಗರೂ ಆರೈಕೆ ಅಂತ ಸುಮಿ ಈಗ ಪುಸ್ತಕದಲ್ಲಿ ಓದುತ್ತಾಳಲ್ಲ, ಅದೇ ಇದು. ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ 1978ರಲ್ಲೇ ಶುರು ಮಾಡಿದ್ದರು. ನಾನು ಬಾಟಲಿ ಇಟ್ಟಾಗ ಅದಕ್ಕೆ 16 ವರ್ಷ ಆಗಿತ್ತು, ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ನಮ್ಮ ದೇಶವೂ ಸೇರಿ ಐದು ದೇಶಗಳಲ್ಲಿ ಇದನ್ನು ಪರೀಕ್ಷೆ ಮಾಡಿದರು. ಒಂದು ಕೆಜಿಯಿಂದ 1.8 ಕೆಜಿ ಒಳಗಿನ ಮಕ್ಕಳನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಹಾಕಿದಾಗ ಸಾವು ನೂರಕ್ಕೆ 25ರಷ್ಟು ಕಡಿಮೆಯಾಯಿತು ಅಂತ 2021ರಲ್ಲಿ ಹೊರಬಂತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಮಕ್ಕಳಿಗೆ ದಿನಕ್ಕೆ 8ರಿಂದ 24 ಗಂಟೆ ಹೀಗೇ ಇಡಿ ಅಂತು. ಅದಕ್ಕೇ ಮತ್ತೆ ಹೇಳುತ್ತೇನೆ ರತ್ನಾ, ಕೈ ತೊಳೆಸಿ, ಗೌನ್ ಹಾಕಿಸಿ, ಒಳಗೆ ಕರೆಯಲಿ. ತಾಯಿಯನ್ನು ಹೊರಗೆ ನಿಲ್ಲಿಸಬಾರದು.

ಇನ್ನೊಂದು ಮಾತು. ನನಗೆ ನೋವಾಗಿದೆ, ಹೇಳಿಬಿಡುತ್ತೇನೆ. ಮೊನ್ನೆ ನಾಮಕರಣದಲ್ಲಿ ಒಬ್ಬರು ಸುಮಿಯ ಎದುರಿಗೇ "ನರ್ಸ್ ಆದ್ರೆ ಒಳ್ಳೆ ಮನೆತನ ಸಿಗೋದು ಕಷ್ಟ" ಅಂದಿರಿ. ಆ ಹುಡುಗಿ ಊಟದ ಎಲೆ ಬಿಟ್ಟು ಎದ್ದುಹೋದಳು. ನನಗೂ ಇದನ್ನೇ ಅಂದಿದ್ದಿರಿ. ನೈಟ್ ಡ್ಯೂಟಿ ಮುಗಿಸಿ ಬಂದರೆ ಹಿತ್ತಲ ಬಾಗಿಲಿಂದ ಬಾ ಅನ್ನುತ್ತಿದ್ದರು ಈ ಮನೆಯಲ್ಲಿ. ಊರಲ್ಲಿ ಯಾರಿಗೆ ಬಿಪಿ ಏರಿದರೂ ನಡುರಾತ್ರಿ ಟಾರ್ಚ್ ಹಿಡಿದುಕೊಂಡು ನಮ್ಮ ಅಂಗಳಕ್ಕೇ ಬರುತ್ತಿದ್ದರು. ನಾನು ಒಂದು ದಿನವೂ ಇಲ್ಲ ಅನ್ನಲಿಲ್ಲ. ಸಂಬಳದ ಕತೆ ಇನ್ನೊಂದು. ಸಣ್ಣ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ 20,000ಕ್ಕಿಂತ ಕಡಿಮೆ ಕೊಡಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿ ಮಾಡಿಸಿದ ಸಮಿತಿ 2016ರಲ್ಲೇ ಬರೆದುಕೊಟ್ಟಿದೆ. ನಾನು ಹನ್ನೆರಡು ಗಂಟೆ ನಿಂತು ದುಡಿದ ಕಡೆ ಕೂರಲು ಒಂದು ಸ್ಟೂಲ್ ಕೇಳಿದ್ದಕ್ಕೆ ಮೆಮೊ ಕೊಟ್ಟಿದ್ದರು. ಈಗಿನ ಮಕ್ಕಳಿಗೆ ಹಾಗೆ ಆಗಬಾರದು. ಸುಮಿಗೆ ಇನ್ನು ಮುಂದೆ ಯಾರೂ ಆ ಮಾತು ಆಡಬೇಡಿ, ಕೈ ಮುಗಿದು ಕೇಳುತ್ತೇನೆ.

ಅಯ್ಯೋ, ಮುಖ್ಯ ವಿಷಯವೇ ಬಿಟ್ಟುಹೋಗುತ್ತಿತ್ತು. ಕೆಲಸಕ್ಕೆ ಕರೆದಿರುವ ಬೆಂಗಳೂರಿನ ಆಸ್ಪತ್ರೆಯವರಿಗೆ ಸೋಮವಾರದೊಳಗೆ ಉತ್ತರ ಕೊಡಬೇಕು ಅಂದಿದ್ದೀಯಲ್ಲ. ಒಪ್ಪುವ ಮೊದಲು ಅವಳು ಮೂರು ವಿಷಯ ಕೇಳಲಿ. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್‌ಗೆ ಎಷ್ಟು ಮಕ್ಕಳು? ವೆಂಟಿಲೇಟರ್ ಮೇಲಿರುವ ಮಗುವಿಗೆಂದೇ ಒಬ್ಬ ನರ್ಸ್ ಇರಬೇಕು. ಮೊದಲ ಮೂರು ತಿಂಗಳು ಪಕ್ಕದಲ್ಲಿ ನಿಂತು ಕಲಿಸುವವರು ಯಾರು? ತಾಯಂದಿರನ್ನು ಯಾವಾಗ ಒಳಗೆ ಬಿಡುತ್ತಾರೆ? ನುಣುಚಿಕೊಂಡರೆ ಬೇಡ ಅನ್ನಲಿ. ಮತ್ತೆ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕೇಳಿದರೆ ತೋರಿಸಿ ವಾಪಸ್ ತರಲಿ, ಕೊಡುವುದು ಝೆರಾಕ್ಸ್ ಮಾತ್ರ. ಇಷ್ಟು ದಿನ ಕೆಲಸ ಬಿಡುವಂತಿಲ್ಲ ಅಂತ ಬರೆಸಿಕೊಳ್ಳುವ ಬಾಂಡ್ ಪೇಪರಿಗೆ ನೀನಾಗಲಿ ಅವಳಾಗಲಿ ಸಹಿ ಹಾಕಬೇಡಿ, ಮೊದಲು ನನಗೆ ಫೋಟೋ ಕಳಿಸಿ. ಒಂದು ವರ್ಷ ಕೆಲಸ ಮಾಡಿದ ಮೇಲೆ ನವಜಾತ ಶಿಶುಗಳ ಆರೈಕೆಗೇ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ, ಅದನ್ನು ಮಾಡಲಿ. ಆಮೇಲೆ ಬೇಕಾದರೆ ಮಡಿಕೇರಿಗೇ ಬರಬಹುದು, 2016ರಿಂದ ಇಲ್ಲೇ ಮೆಡಿಕಲ್ ಕಾಲೇಜ್ ಇದೆ, ನಮ್ಮ ಕಾಲದ ಹಾಗಲ್ಲ.

ಭಾನುವಾರ ಸಂಜೆ ಅವಳು ನನಗೆ ಫೋನ್ ಮಾಡಲಿ. ತೋಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಆರರ ಮೇಲೆ ಮನೆಯಲ್ಲೇ ಇರುತ್ತೇನೆ.